ಇಕ್ಕಳದ ಬಾಯಲ್ಲೊಂದು ತೂತು

ತಿಬಿಲಿಸಿಯ ಒಣಸೇತುವೆ ಸಂತೆಗೆ
ಭಾನುವಾರ ನಾನು ಹೋಗುವುದು ಚಟಕ್ಕೆ.
ಲಮಾರಾ, ನನ್ನ ಹೆಂಡತಿ, ಅದಕ್ಕಿಟ್ಟ ಹೆಸರು ಕಬ್ಬಿಣದ ಹಸಿವು.
ಕಂಬಳಿ ಹಾಸಿ ಕೂತವರ ಮುಂದೆ
ಪದಕ, ಬೆಳ್ಳಿ ಚಮಚ, ತಲೆ ಹೋದ ಪಿಂಗಾಣಿ ಗೊಂಬೆ,
ಯಾವನೋ ಕರ್ನಲ್ಲನ ದುರ್ಬೀನು.
ಅವನ್ನೆಲ್ಲ ಪ್ರವಾಸಿಗರು ನೋಡಿಕೊಳ್ಳಲಿ.
ನನ್ನ ಕಣ್ಣು ನೆಲಕ್ಕಂಟಿ ನಡೆಯುತ್ತದೆ
ಕೆಂಪು ಹಿಡಿ ಹುಡುಕುತ್ತ.

ಮನೆಯಲ್ಲಿ ಹನ್ನೊಂದಿವೆ,
ಗೋಡೆಗೆ ಮೊಳೆ ಹೊಡೆದು ಸಾಲಾಗಿ ತೂಗುಹಾಕಿದವು.
ನಾಲ್ಕು ಜರ್ಮನಿಯವು:
ದವಡೆ ಕೂಡಿಸಿ ದೀಪಕ್ಕೆ ಹಿಡಿದರೆ
ಬೆಳಕಿನ ಎಳೆಯೂ ನುಸುಳದು.
ಶನಿವಾರ ರಾತ್ರಿ ಕೀಲಿಗೆ ಎಣ್ಣೆ ಬಿಟ್ಟು ಒರೆಸುತ್ತೇನೆ.
ಕೆಲಸಕ್ಕೆ ಒಯ್ಯುವುದು ಮಾತ್ರ ಅಗ್ಗದ ಜೋಡಿ,
ಕಳೆದುಹೋದರೂ ಕರುಳು ಚುರ್ರೆನ್ನದ ಜಾತಿ.
ಒಳ್ಳೆಯದನ್ನು ಒಳ್ಳೆಯ ದಿನಕ್ಕೆಂದು
ಎತ್ತಿಡುತ್ತ ಐವತ್ತು ದಾಟಿದವನು ನಾನು.

ಮಾರ್ಚಿನಲ್ಲಿ ಒಂದು ದಿನ, ಸಂತೆಯ ತುದಿಗೆ,
ಝುಝುನಾ ಎಂಬ ಮುದುಕಿಯ ಪತ್ರಿಕೆಯ ಹಾಸಿನ ಮೇಲೆ
ಕಟಿಂಗ್ ಪ್ಲೇಯರ್ ಒಂದು. ಎತ್ತಿದೆ.
ಅಂಗೈ ತೂಕವನ್ನು ಒಪ್ಪಿತು.
ಬಾಯಿ ತೆರೆದರೆ, ಅಂಚಿನಲ್ಲೊಂದು ತೂತು,
ಸುತ್ತ ಕರಗಿ ಮಣಿಗಟ್ಟಿದ ಉಕ್ಕು.
ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ:
ಸತ್ತಿದೆಯೆಂದುಕೊಂಡು ಕತ್ತರಿಸಿದ ತಂತಿ
ಬದುಕಿದ್ದೇನೆಂದು ಹಾಕಿದ ರುಜು ಅದು.

ಕೇಳಬಾರದಿತ್ತು. ಕೇಳಿದೆ: ಇದರ ಯಜಮಾನರು?

“ಹೋದದ್ದು ಎದೆಯ ಕಾಯಿಲೆಯಲ್ಲಿ, ಹೋದ ವರ್ಷ”
ಎಂದಳು, ನನ್ನ ಮುಖ ಓದಿಕೊಂಡು.
“ಇದು ತೊಂಬತ್ತಮೂರರ ಚಳಿಗಾಲದ್ದು.
ಕರೆಂಟು ಬಂದರೆ ಮೆಟ್ಟಿಲ ಮಕ್ಕಳೆಲ್ಲ ಕೇಕೆ ಹಾಕುತ್ತಿದ್ದ ಕಾಲ.
ಆರು ದಿನದಿಂದ ಸತ್ತು ಬಿದ್ದ ತಂತಿ,
ಅದರ ನಾಡಿ ಯಾರು ಹಿಡಿದು ನೋಡುತ್ತಾರೆ?
ಇವರು ಬಾಯಿ ಹಾಕಿದ ಗಳಿಗೆಗೇ ಬರಬೇಕೆ ಅದು!
ಆರು ದಿನ ಕಾದ ಬೆಳಕನ್ನು
ರೆಪ್ಪೆ ಬಡಿಯುವಷ್ಟರಲ್ಲಿ ಕತ್ತರಿಸಿದ ಮಹಾನುಭಾವ ಅಂತ
ಮೇಲಿನ ಮನೆಯವಳು ಇವತ್ತಿಗೂ ಆಡಿಕೊಳ್ಳುತ್ತಾಳೆ.
ಹುಬ್ಬಿಲ್ಲದ ಮುಖ ಹೊತ್ತು ಒಳಗೆ ಬಂದರು,
ಕೈಯಲ್ಲಿ ಮೇಣದ ಬತ್ತಿ.
ಆ ಚಳಿಗಾಲವೆಲ್ಲ ನಾವು ನಕ್ಕದ್ದು ಅದೊಂದೇ ಸಲ.”

ಬೆಲೆ ಕೇಳಿದೆ.
“ಕೈ ತೋರಿಸು” ಎಂದಳು.
ಬೆರಳ ಬುಡದ ಜಡ್ಡನ್ನು ಒತ್ತಿ ನೋಡಿದಳು
ಹಣ್ಣು ಮಾಗಿದೆಯೋ ಎಂದು ನೋಡುವ ಹಾಗೆ.
“ಗೋಡೆಗೆ ತೂಗುಹಾಕುವವನೊಬ್ಬ ಬಂದಿದ್ದ,
ನೂರು ಕೊಡುತ್ತೇನೆಂದ, ಈ ತೂತಿಗೋಸ್ಕರ.
ಕೊಡಲಿಲ್ಲ. ನಿನಗಾದರೆ ಹದಿನೈದು.”

ಹನ್ನೊಂದು ಮೊಳೆಗಳ ಸಂಗತಿ ನುಂಗಿಕೊಂಡು
ಹದಿನೈದು ಎಣಿಸಿ ಕೊಟ್ಟೆ.

ಸೋಮವಾರ ಗ್ಲ್ದಾನಿಯ ಒಂಬತ್ತಂತಸ್ತಿನ ಕಟ್ಟಡದಲ್ಲಿ
ಹಳೆಯ ಅಲ್ಯೂಮಿನಿಯಂ ಕಿತ್ತು ತಾಮ್ರ ಎಳೆಯುವ ಕೆಲಸ.
ಟೆಸ್ಟರ್ ಮುಟ್ಟಿಸಿದೆ. ಮತ್ತೆ ಮುಟ್ಟಿಸಿದೆ,
ಎರಡನೆಯದು ಆ ಹುಬ್ಬುಗಳ ಲೆಕ್ಕಕ್ಕೆ.
ಎರಡೂವರೆಯ ತಂತಿಯನ್ನು ಸುಮ್ಮನೆ ತೂತಿನಲ್ಲಿ ಕೂರಿಸಿ
ಹಗುರಾಗಿ ಅದುಮಿ ಎಳೆದೆ.
ನೆನೆಹಾಕಿದ ಬಾದಾಮಿಯ ಸಿಪ್ಪೆಯಂತೆ ಹೊದಿಕೆ ಜಾರಿತು,
ತಾಮ್ರಕ್ಕೆ ಒಂದು ಗೀರಿಲ್ಲ.
ಯಾವ ಕಾರ್ಖಾನೆಯೂ ಕೊರೆಯದ ಅಳತೆ,
ಒಂದು ತಪ್ಪಿಗೆ ಸಿಕ್ಕಿದೆ.
ಸುಣ್ಣ ಉದುರುವ ಖಾಲಿ ಕೋಣೆಯಲ್ಲಿ
ನಕ್ಕುಬಿಟ್ಟೆ ಒಬ್ಬನೇ.

ಆಮೇಲೆ ವಾರಕ್ಕೊಂದರಂತೆ
ಗೋಡೆಯವು ಚೀಲಕ್ಕಿಳಿದವು.
ಒಂದು ಲಿಫ್ಟಿನ ಬಾವಿಗೆ ಬಿದ್ದು ಹಿಡಿ ಸೀಳಿತು,
ಇನ್ನೊಂದನ್ನು ಪಕ್ಕದ ಗಾರೆಯವನು ಕೇಳಿ ಒಯ್ದು
ಮೊಳೆ ಕೀಳಲು ಬಳಸಿದ. ಬೈದೆ,
ಆದರೆ ಅರ್ಧ ಮನಸ್ಸಿನಿಂದ.
ಖಾಲಿ ಮೊಳೆಗಳಿಗೆ ಲಮಾರಾ
ಬೆಳ್ಳುಳ್ಳಿ ಗೊಂಚಲು ಕಟ್ಟಿದ್ದಾಳೆ.

ಒಂದು ಮಾತ್ರ ಇನ್ನೂ ಗೋಡೆಯ ಮೇಲಿದೆ.
ಶನಿವಾರ ಎಣ್ಣೆ ಬಿಟ್ಟು, ದೀಪಕ್ಕೆ ಹಿಡಿದು,
ಬೆಳಕು ನುಸುಳದ್ದು ನೋಡಿ
ವಾಪಸು ತೂಗುಹಾಕುತ್ತೇನೆ.
ಝುಝುನಾಗೆ ಹೇಳಬೇಡಿ.